ಬೆಳೆಗೆ ವಿಮೆ ಉಂಟು, ಬೆಳೆದವರಿಗೆ?

ಮುಂಗಾರು ಬೆಳೆವಿಮೆಗೆ ಕೊನೇ ದಿನ ಯಾವುದು ಅಂತ ಕೇಳಿದರೆ ನಮ್ಮಲ್ಲಿ ಅರ್ಧ ಜನ ಮೊಬೈಲ್ ನೋಡದೆಯೇ ಹೇಳ್ತೀವಿ. ಅಪ್ಪ-ಅಮ್ಮನಿಗೆ ಯಾವ ಆರೋಗ್ಯ ವಿಮೆ ಇದೆ, ಅದು ಯಾವಾಗ ಮುಗಿಯುತ್ತೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡ್ಕೋತೀವಿ. ಬೆಳೆ ಹೋದರೆ ಒಂದು ಹಂಗಾಮು ಹೋಗುತ್ತೆ. ಆಸ್ಪತ್ರೆ ಬಿಲ್ ಬಂದರೆ ಮೊದಲು ಒಡವೆ ಹೋಗುತ್ತೆ, ಆಮೇಲೆ ಜಮೀನಿನ ಪತ್ರ ಅಡವಿಗೆ ಹೋಗುತ್ತೆ. ಹಾಗಾಗಿ ನನ್ನ ಪ್ರಕಾರ ಇದು ಮನೆ ಖರ್ಚಲ್ಲ, ತೋಟದ ಖರ್ಚು. ಗೊಬ್ಬರ, ಡ್ರಿಪ್ ಪೈಪಿನ ಲೆಕ್ಕ ಬರೆಯೋ ಪುಟದಲ್ಲೇ ಬರೀಬೇಕು.

ಸಾವಯವದವರಲ್ಲಿ ಒಂದು ಮಾತಿದೆ: 'ನಾವು ವಿಷ ತಿನ್ನಲ್ಲ, ನಮಗೆ ಕಾಯಿಲೆ ಬರಲ್ಲ'. ನಾನೂ ಸಾವಯವದವನೇ, ಆದರೂ ಈ ಮಾತು ಒಪ್ಪಲ್ಲ. ನಲವತ್ತು ವರ್ಷ ಬಗ್ಗಿ ಕಳೆ ಕಿತ್ತ ಮಂಡಿ ಸವೆಯುತ್ತೆ, ಬಿಸಿಲಲ್ಲಿ ದುಡಿದ ಕಣ್ಣಿಗೆ ಪೊರೆ ಬರುತ್ತೆ. ಜೀವಾಮೃತ ಅದಕ್ಕೆಲ್ಲ ಔಷಧಿ ಅಲ್ಲ.

ಮೊದಲು ಕಡಿಮೆ ದುಡ್ಡಿನ ದಾರಿ ನೋಡಿ. ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ದರೆ ಯಶಸ್ವಿನಿ. ಮತ್ತೆ ಜಾರಿಯಾದಾಗ ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಆಮೇಲಿನ ಒಬ್ಬೊಬ್ಬರಿಗೆ 100 ರೂಪಾಯಿ ಅಂತ ನಿಗದಿಯಾಯ್ತು. ಚಿಕಿತ್ಸೆಯ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತೆ, ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಬೇರೆ ವಿಮೆ ಇರುವವರ ಬಗ್ಗೆ ನಿಯಮ ಏನಿದೆ ಅಂತ ಕಾರ್ಯದರ್ಶಿಯನ್ನ ಕೇಳಿ ಸಹಿ ಹಾಕಿ.

ಇನ್ನೊಂದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಉಳಿದದ್ದು ನಮ್ಮ ಜೇಬಿಂದ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತಗೋಬೇಕು. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ಚಾಚಿದರೆ ಅಲ್ಲಿ ನಡೆಯಲ್ಲ. 70 ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ಕ್ಕೆ ಚಾಲನೆ ಕೊಟ್ಟಿದೆ. ವಾಟ್ಸಾಪ್ ಪೋಸ್ಟರ್ ನೋಡಿ ನೆಮ್ಮದಿಯಾಗಬೇಡಿ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಹತ್ತಿರ ಆಧಾರ್ ಹಿಡ್ಕೊಂಡು ಹೋಗಿ, ನಮ್ಮಲ್ಲಿ ಯಾವ ಕಾರ್ಡ್ ನಡೆಯುತ್ತೆ ಅಂತ ಬಾಯಿಬಿಟ್ಟು ಕೇಳಿ.

ಇನ್ನು ಖಾಸಗಿ ಪಾಲಿಸಿ. ನಾವು ಎಡವೋದು ಇಲ್ಲೇ. ಅಡಿಕೆ ಸಸಿ ನೆಟ್ಟ ಮಾರನೇ ವರ್ಷ ಕೊನೆ ಕೊಯ್ಯೋಕೆ ಯಾರೂ ಹೋಗಲ್ಲ. ವಿಮೆಯಲ್ಲಿ ಮಾತ್ರ ಈ ತಿಂಗಳು ಕಟ್ಟಿ ಮುಂದಿನ ತಿಂಗಳು ಮಂಡಿ ಆಪರೇಷನ್ ಅಂತೀವಿ. ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ ಹೆಚ್ಚೆಂದರೆ ಮೂರು ವರ್ಷ. 2024ರ ಏಪ್ರಿಲ್‌ನಿಂದ ನಿಯಮ ಬದಲಾಗಿ ಇದು ಮೂರಕ್ಕಿಳಿದಿದೆ. ಪಾಲಿಸಿ ಕೊಳ್ಳೋಕೆ ಇದ್ದ 65ರ ವಯಸ್ಸಿನ ಗೆರೆಯೂ ಆಗಲೇ ಹೋಯ್ತು. ಗೆರೆ ಹೋಯ್ತು ಅಂದ ಮಾತ್ರಕ್ಕೆ ಕಾಯ್ಕೊಂಡು ಕೂರೋದು ಜಾಣತನ ಅಲ್ಲ. ವಯಸ್ಸು ಏರಿದಂತೆ ಪ್ರೀಮಿಯಂ ಏರುತ್ತೆ, ಕಂಪನಿ ಬೇಡ ಅಂತಲೂ ಹೇಳಬಹುದು. ಅಪ್ಪನಿಗೆ 55 ಇದ್ದಾಗ, 'ನನಗೇನಾಗಿದೆಯೋ' ಅಂತ ಅವರು ಬೈಯ್ಯೋ ಹೊತ್ತಲ್ಲೇ ಮಾಡಿಸಬೇಕು.

ನಿಮ್ಮ ಫ್ಲೋಟರ್ ಪಾಲಿಸಿಯೊಳಗೆ ಅವರನ್ನ ತುರುಕಬೇಡಿ. ಅದರ ಲೆಕ್ಕ ಹಿರಿಯರ ವಯಸ್ಸಿನ ಮೇಲೆ ನಡೆಯೋದರಿಂದ ನಿಮ್ಮ ಪಾಲೂ ದುಬಾರಿಯಾಗುತ್ತೆ.

ಮೊಬೈಲಲ್ಲಿ ಹತ್ತು ಪಾಲಿಸಿ ಸಾಲಾಗಿ ತೋರಿಸೋ ಆಪ್‌ಗಳು ಪ್ರೀಮಿಯಂ ದೊಡ್ಡ ಅಕ್ಷರದಲ್ಲಿ ತೋರಿಸ್ತವೆ. ನೀವು ಹುಡುಕಬೇಕಾದ್ದು ಎರಡು ಪದ: ಕೋ-ಪೇ ಮತ್ತು ರೂಮ್ ಬಾಡಿಗೆ ಮಿತಿ. ಒಂದು ಲೆಕ್ಕ ಹಾಕೋಣ. 5 ಲಕ್ಷದ ಪಾಲಿಸಿ, ರೂಮ್ ಮಿತಿ ದಿನಕ್ಕೆ 5,000, ಕೋ-ಪೇ ಶೇ 20. ಅಮ್ಮನಿಗೆ 8,000ದ ರೂಮ್ ತಗೊಂಡ್ರಿ. ಬಿಲ್ 2 ಲಕ್ಷ. ಅದರಲ್ಲಿ ಔಷಧಿ, ಟೆಸ್ಟ್ 40,000. ಉಳಿದ ರೂಮ್, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ 1.6 ಲಕ್ಷ. ರೂಮ್ ದುಬಾರಿ ಆದದ್ದಕ್ಕೆ ಈ 1.6 ಲಕ್ಷ ಪೂರ್ತಿ ಎಂಟರಲ್ಲಿ ಐದು ಪಾಲಿಗೆ ಇಳಿದು 1 ಲಕ್ಷ ಆಗುತ್ತೆ. 40,000 ಸೇರಿಸಿ 1.4 ಲಕ್ಷ. ಅದರಲ್ಲಿ ಕೋ-ಪೇ 28,000 ಹೋಗಿ ಕೈಗೆ ಬರೋದು 1.12 ಲಕ್ಷ. 88,000 ನೀವೇ ಕಟ್ಟಬೇಕು. 5,000ದ ರೂಮಲ್ಲೇ ಇದ್ದಿದ್ದರೆ ಕೋ-ಪೇ ಮಾತ್ರ ನಿಮ್ಮ ತಲೆ ಮೇಲೆ ಬರ್ತಿತ್ತು. ಅಗ್ಗದ ಪಾಲಿಸಿ ಯಾಕೆ ಅಗ್ಗ ಅಂತ ಗೊತ್ತಾಗೋದು ಡಿಸ್ಚಾರ್ಜ್ ಕೌಂಟರಿನಲ್ಲಿ.

ಬಿಡುವ ಸಂಗತಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ, ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ ತೆಗೆದಿದ್ದಾರೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರವನ್ನ ಮೊದಲೇ ಕೇಳಬೇಕು ಅಂತಲೂ 2025ರ ಜನವರಿಯಲ್ಲಿ ಆದೇಶ ಬಂದಿದೆ. ಆದರೂ ಇಬ್ಬರು ಹಿರಿಯರಿಗೆ ವರ್ಷಕ್ಕೆ ಹತ್ತಾರು ಸಾವಿರ ಹೊಂದಿಸೋದು ಎರಡೆಕರೆಯವರಿಗೆ ಸುಲಭ ಅಲ್ಲ, ಅದು ನನಗೂ ಗೊತ್ತು. ಆಗದಿದ್ದರೆ ಯಶಸ್ವಿನಿಯನ್ನಾದರೂ ಒಂದು ವರ್ಷವೂ ತಪ್ಪಿಸಬೇಡಿ, ಬೆಳೆ ಮಾರಿದ ವಾರವೇ ಒಂದಿಷ್ಟು ದುಡ್ಡು ಬೇರೆ ಖಾತೆಗೆ ಹಾಕಿಡಿ.

ಫಾರಂ ತುಂಬುವಾಗ ಏಜೆಂಟ್ 'ಶುಗರ್ ಇದೆ ಅಂತ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ' ಅಂದರೆ ಎದ್ದು ಬನ್ನಿ. ಮುಚ್ಚಿಟ್ಟ ಕಾಯಿಲೆ ಕ್ಲೇಮಿನ ದಿನ ಹೊರಗೆ ಬರುತ್ತೆ. ಅವತ್ತು ಏಜೆಂಟ್ ಫೋನ್ ಎತ್ತಲ್ಲ. ಪಾಲಿಸಿ ಕೈಗೆ ಬಂದ ಮೇಲೂ ಓದಿ ನೋಡಿ ವಾಪಸ್ ಮಾಡೋಕೆ 30 ದಿನ ಟೈಮ್ ಇರುತ್ತೆ.

ಕಾರ್ಡು, ಪಾಲಿಸಿ ನಂಬರ್, ಹತ್ತಿರದ ನೆಟ್‌ವರ್ಕ್ ಆಸ್ಪತ್ರೆಯ ಹೆಸರು ಎಲ್ಲದರ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೂ ಕಳಿಸಿಡಿ. ಅಮ್ಮನನ್ನ ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ ನೀವು ಮಂಡಿಯಲ್ಲಿ ಟೊಮೆಟೊ ಇಳಿಸ್ತಾ ಇರಬಹುದು.