ಹಸಿರಾಗಿದ್ದೆಲ್ಲ ಮೇವಲ್ಲ 🛰️🐄 (ಮೇಲಿಂದ ಭೂಮಿ, ಭಾಗ 4)

ಹಸು ಸತ್ತ ಮೇಲೆ ದುಡ್ಡು ಬಂದರೆ ಅದು ಪರಿಹಾರ. ಬದುಕಿರುವಾಗಲೇ ಬಂದರೆ ಅದು ಮೇವು. ಇವತ್ತಿನ ಮಾತೆಲ್ಲ ಈ ವ್ಯತ್ಯಾಸದ ಬಗ್ಗೆಯೇ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಉತ್ತರ ಕೆನ್ಯಾದ ಮಾರ್ಸಬಿಟ್ ಒಣ ಸೀಮೆ. ಅಲ್ಲಿ ಹೆಚ್ಚಿನವರಿಗೆ ಹಸು, ಆಡು, ಒಂಟೆಗಳೇ ಬ್ಯಾಂಕ್ ಖಾತೆ. ಮಳೆ ಕೈಕೊಟ್ಟರೆ ಖಾತೆ ಖಾಲಿ. ಇವರಿಗೆ ವಿಮೆ ಮಾಡಿಸೋದು ಹೇಗೆ? ಊರೂರು ಅಲೆಯೋ ಮಂದೆಯಲ್ಲಿ ಯಾವ ಹಸು ಯಾಕೆ ಸತ್ತಿತು ಅಂತ ಯಾರು ಹೋಗಿ ನೋಡ್ತಾರೆ?

2010ರಲ್ಲಿ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಮತ್ತು ಜೊತೆಗಾರರು ಅಲ್ಲಿ ಬೇರೆ ದಾರಿ ಹಿಡಿದರು. ಸತ್ತ ಹಸು ಎಣಿಸೋದು ಬೇಡ, ಇರೋ ಹುಲ್ಲನ್ನು ಅಳೆಯೋಣ. ಅದೂ ಆಕಾಶದಿಂದ!

ಜೀವಂತ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತೆ. ಇವೆರಡರ ವ್ಯತ್ಯಾಸದಿಂದ ಸಿಗೋ ಸಂಖ್ಯೆಯೇ ಎನ್‌ಡಿವಿಐ. ನಾಸಾ ಉಪಗ್ರಹಗಳ ಮೋಡಿಸ್ ಉಪಕರಣ 2000ದಿಂದ ಇದನ್ನು ಅಳೆಯುತ್ತಾ ಬಂದಿದೆ. ಈ ಸಲದ ಹಸಿರು ಅದೇ ಜಾಗದ ಹಿಂದಿನ ವರ್ಷಗಳಿಗಿಂತ ತೀರಾ ಕೆಳಗಿಳಿದರೆ, ಆ ಪ್ರದೇಶದಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಹಣ. ಸತ್ತ ಹಸುವನ್ನು ಯಾರಿಗೂ ತೋರಿಸಬೇಕಿಲ್ಲ.

ಮೊದಲ ಪಾವತಿ 2011ರ ಬರದಲ್ಲಿ ಆಯ್ತು. 2015ರಲ್ಲಿ ಕೆನ್ಯಾ ಸರ್ಕಾರವೇ ತುರ್ಕಾನಾ, ವಜೀರ್ ಕಡೆ ಬಡ ಪಶುಪಾಲಕರ ವಿಮೆ ಕಂತು ಕಟ್ಟೋಕೆ ಶುರು ಮಾಡಿತು. ಶುರುವಿನಲ್ಲಿ ಜಾನುವಾರು ಸತ್ತ ನಷ್ಟಕ್ಕೆ ಕೊಡ್ತಿದ್ದ ಹಣವನ್ನು, ಆಮೇಲೆ ಮೇವು, ನೀರು, ಔಷಧಿ ಕೊಳ್ಳೋಕೆ ಆಗೋ ಹಾಗೆ ಮೊದಲೇ ಕೊಡುವಂತೆ ಬದಲಾಯಿಸಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ಜಾಣತನ ಇದೇ.

ಈಗ ನನ್ನ ತಕರಾರು. ಉಪಗ್ರಹಕ್ಕೆ ಹಸಿರು ಕಾಣುತ್ತೆ, ಮೇವು ಕಾಣಲ್ಲ.

ನಮ್ಮ ಬಯಲುಸೀಮೆಯವರಿಗೆ ಬಳ್ಳಾರಿ ಜಾಲಿ ಗೊತ್ತಲ್ಲ? ಅದೇ ಗಿಡ ಕೆನ್ಯಾದಲ್ಲೂ ಹಬ್ಬಿದೆ, ಅಲ್ಲಿ ಅದರ ಹೆಸರು ಮಥೆಂಗೆ. ಬರಗಾಲದಲ್ಲೂ ಹಸಿರಾಗೇ ನಿಂತಿರುತ್ತೆ. ದನ ಅದರ ಕಾಯಿ ತಿಂದಾವು, ಎಲೆಗೆ ಬಾಯಿ ಹಾಕಲ್ಲ. ಆದರೆ ಎನ್‌ಡಿವಿಐ ಲೆಕ್ಕದಲ್ಲಿ ಅದೂ ಹಸಿರೇ. ಸಂಖ್ಯೆ ಕೆಳಗಿಳಿಯದಿದ್ದರೆ ಹಣ ಇಲ್ಲ. ಹಸು ಮಾತ್ರ ಉಪವಾಸ.

ಈ ವ್ಯತ್ಯಾಸ ಯಾರಿಗೆ ಗೊತ್ತು? ದಿನಾ ಮಂದೆ ಹಿಂದೆ ನಡೆಯೋರಿಗೆ. ಅವರ ಕೈಗೆ ಫೋನ್ ಕೊಟ್ಟು ಮೇವಿನ ಫೋಟೋ, ಮಾಹಿತಿ ತರಿಸಿಕೊಳ್ಳೋ ಪ್ರಯೋಗಗಳೂ ಕೆನ್ಯಾದಲ್ಲೇ ನಡೆದಿವೆ. ಅದು ಪ್ರಯೋಗವಾಗಿ ಉಳಿಯಬಾರದು, ನಿಯಮ ಆಗಬೇಕು. ಸಂಖ್ಯೆ ತಪ್ಪಿದಾಗ "ತಪ್ಪಿದೆ" ಅನ್ನೋ ಹಕ್ಕು ಪಶುಪಾಲಕರಿಗೆ ಇರಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, 2020ರ ಕೊನೆಯಿಂದ ಅಲ್ಲಿ ಸತತ ಐದು ಮಳೆಗಾಲ ಕೈಕೊಟ್ಟವು. ಕೆನ್ಯಾದಲ್ಲಿ 25 ಲಕ್ಷ ಜಾನುವಾರು ಸತ್ತವು. ಉಪಗ್ರಹಗಳು ಅದನ್ನೆಲ್ಲ ಮೇಲಿಂದ ನೋಡ್ತಾನೇ ಇದ್ದವು. ಡೇಟಾಗೇನೂ ಬರ ಇರಲಿಲ್ಲ.

ನಾವೂ ಪ್ರಾಜೆಕ್ಟ್‌ನಲ್ಲಿ ಮ್ಯಾಪ್‌ಗೆ ಚೆಂದದ ಬಣ್ಣ ಬಂದ್ರೆ ಕೆಲಸ ಮುಗೀತು ಅಂತೀವಿ. ಮುಂದಿನ ಸಲ ಹಸಿರು ಪಿಕ್ಸೆಲ್ ಕಂಡರೆ ಒಂದು ಪ್ರಶ್ನೆ ಕೇಳಿ: ಇದನ್ನ ದನ ತಿನ್ನುತ್ತಾ? ಉತ್ತರ ಗೊತ್ತಿಲ್ಲ ಅಂದ್ರೆ ದನ ಕಾಯೋರನ್ನ ಕೇಳಿ.

ನಿಮ್ಮೂರಲ್ಲಿ ದನ ಮುಟ್ಟದ ಹಸಿರು ಯಾವುದು? ಕಾಮೆಂಟ್‌ನಲ್ಲಿ ಬರೀರಿ 👇

#ಮೇಲಿಂದಭೂಮಿ #ಉಪಗ್ರಹ #ಬರ #ಕೆನ್ಯಾ #ಕನ್ನಡದಲ್ಲಿವಿಜ್ಞಾನ