ತೋಟಾದ ಲೆಕ್ಕದಲ್ಲಿ ಬಿಟ್ಟುಹೋದ ಸೀಸ

ಅಮೆರಿಕದಲ್ಲಿ ಓದುತ್ತಿರುವ ನಮ್ಮೂರಿನ ಹುಡುಗನೊಬ್ಬ ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಗೆ ಬಂದಿದ್ದ. ಜಗಲಿಯ ಗೋಡೆಯಲ್ಲಿ ತೂಗುತ್ತಿದ್ದ ಕೇಪಿನ ಕೋವಿಯನ್ನು ನೋಡಿ ಅವನಿಗೆ ಅಲ್ಲಿಯ ಮನೆಯೊಡೆಯನ ನೆನಪಾಯಿತು. ಆತ ಜಿಂಕೆ ಬೇಟೆಯ ರೈಫಲ್ಲಿಗೆ ಬೇಕಾದ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾನಂತೆ. ಅಂಗಡಿಯ ಬೆಲೆಯ ಅರ್ಧಕ್ಕೆ ಬೀಳುತ್ತದಂತೆ. ಅಡಿಕೆ ಸುಲಿಯುತ್ತ ಕುಳಿತಿದ್ದವರೆಲ್ಲ ಮೆಚ್ಚಿ ತಲೆಯಾಡಿಸಿದರು. ಮನೆಯಲ್ಲಿ ಮಾಡಿಕೊಂಡದ್ದು ಅಗ್ಗ ಎಂಬುದು ನಮಗೆಲ್ಲ ಪ್ರಿಯವಾದ ನಂಬಿಕೆ. ಆ ಲೆಕ್ಕವನ್ನು ಪೂರ್ತಿ ಮಾಡಿ ನೋಡಬೇಕೆಂದು ನನಗೆ ಅಂದೇ ಅನಿಸಿತು.

ರೈಫಲ್ಲಿನ ತೋಟಾಕ್ಕೆ ನಾಲ್ಕು ಭಾಗಗಳು: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹಾರಿದ ಮೇಲೂ ಹಿತ್ತಾಳೆ ಉಳಿಯುತ್ತದೆ. ಉಳಿತಾಯದ ಒಂದು ಮೂಲ ಅದೇ. ಕಾರ್ಖಾನೆಯ 20 ತೋಟಾಗಳಿಗೆ 40 ಡಾಲರ್ ಎಂದಿಟ್ಟುಕೊಳ್ಳೋಣ, ಒಂದಕ್ಕೆ 2 ಡಾಲರ್ ಆಯಿತು. ಒಂದು ಪೌಂಡ್ ಮದ್ದು ಎಂದರೆ 7000 ಗ್ರೇನ್; ತೋಟಾ ಒಂದಕ್ಕೆ 50 ಗ್ರೇನ್ ಹಿಡಿದರೆ 140 ತೋಟಾಗಳಾಗುತ್ತವೆ. ಪೌಂಡಿಗೆ 45 ಡಾಲರ್ ಕೊಟ್ಟರೆ ಒಂದರ ಮದ್ದಿಗೆ 32 ಸೆಂಟ್. ಕೇಪಿಗೆ 10, ಗುಂಡಿಗೆ 45, ಐದು ಸಲ ಬಳಸುವ ಒಂದು ಡಾಲರಿನ ಹಿತ್ತಾಳೆಗೆ 20. ಒಟ್ಟು 1 ಡಾಲರ್ 7 ಸೆಂಟ್. ಹುಡುಗ ಹೇಳಿದ್ದು ಸುಳ್ಳಲ್ಲ.

ಆದರೆ ತುಂಬುವ ಒತ್ತುಯಂತ್ರ, ಅಚ್ಚು, ತಕ್ಕಡಿಗಳಿಗೆ 400 ಡಾಲರ್ ಹಾಕಿದ್ದರೆ ಆ ಹಣ ಹಿಂದಿರುಗಲು ಸುಮಾರು 430 ತೋಟಾಗಳನ್ನು ತುಂಬಬೇಕು. ವರ್ಷಕ್ಕೆ 40 ಈಡು ಹಾರಿಸುವ ಬೇಟೆಗಾರನಿಗೆ ಇದು ಹತ್ತು ವರ್ಷಕ್ಕೂ ಮೇಲ್ಪಟ್ಟ ಮಾತು. ಗುರಿ ಅಭ್ಯಾಸಕ್ಕೆಂದು ಸಾವಿರಗಟ್ಟಲೆ ಹಾರಿಸುವವನಿಗೆ ಮಾತ್ರ ಇದು ಬೇಗ ಗಿಟ್ಟೀತು. ಇನ್ನು, ಆತ ಕೂತು ತೂಗಿ ತುಂಬಿದ ಸಂಜೆಗಳಿಗೆ ಬೆಲೆಯೇ ಇಲ್ಲ. ಇದು ನಮಗೆ ಹೊಸದೇನಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವಾದರೂ ಮನೆಮಂದಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನಾವು ಬೇಸಾಯಗಾರರು ಅದನ್ನೂ ಹಿಡಿಯದೆ ಈ ವರ್ಷ ಲಾಭವಾಯಿತು ಎನ್ನುತ್ತೇವೆ. 2020–21ರಲ್ಲಿ ಅಮೆರಿಕದಲ್ಲಿ ಕೇಪುಗಳೇ ಸಿಗದಂತಾದಾಗ ಮನೆಯಲ್ಲಿ ತುಂಬುವವರೂ ಕೈಕಟ್ಟಿ ಕೂತರು. ಸ್ವಾವಲಂಬನೆಯ ಮಾತೂ ಅಷ್ಟಕ್ಕಷ್ಟೆ.

ಈ ಎರಡು ಲೆಕ್ಕಗಳಲ್ಲಿಯೂ ಬಾರದ ಖರ್ಚೊಂದಿದೆ. ರೈಫಲ್ಲಿನ ಸೀಸದ ಗುಂಡು ಮೃಗದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳನ್ನು ತಿನ್ನುವ ಹಕ್ಕಿಯ ಜಠರದ ಆಮ್ಲ ಆ ಸೀಸವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. 1982ರಲ್ಲಿ ಕೇವಲ 22 ಉಳಿದಿದ್ದ ಕ್ಯಾಲಿಫೋರ್ನಿಯಾದ ಕಾಂಡರ್ ಎಂಬ ದೊಡ್ಡ ಹದ್ದನ್ನು ಸಾಕಿ, ಮರಿ ಮಾಡಿಸಿ, ಮತ್ತೆ ಕಾಡಿಗೆ ಬಿಟ್ಟ ಮೇಲೆ ಅವುಗಳ ಸಾವಿಗೆ ಮುಖ್ಯ ಕಾರಣವಾದದ್ದು ಈ ಸೀಸವೇ. ಆ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಡೆನ್ಮಾರ್ಕ್ 2024ರಲ್ಲಿ ರೈಫಲ್ಲಿನ ಸೀಸದ ಗುಂಡನ್ನೂ ಬಿಟ್ಟಿತು. ಮನುಷ್ಯರೂ ಇದರಿಂದ ಹೊರತಲ್ಲ: 2008ರಲ್ಲಿ ಉತ್ತರ ಡಕೋಟದಲ್ಲಿ 738 ಜನರ ರಕ್ತ ಪರೀಕ್ಷಿಸಿದಾಗ, ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸ ತುಸು ಹೆಚ್ಚಾಗಿತ್ತು. ದನದ ನೋವಿಗೆ ಕೊಟ್ಟ ಅಗ್ಗದ ಡೈಕ್ಲೋಫೆನಾಕ್ ನಮ್ಮ ರಣಹದ್ದುಗಳನ್ನು ಅಳಿಸಿದ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ತಾಮ್ರದ ಗುಂಡು ಸಿಡಿಯದೆ ಅರಳುತ್ತದೆ. ಅದಕ್ಕೆ ಅರ್ಧ ಡಾಲರ್ ಹೆಚ್ಚು ಹಿಡಿದರೂ ವರ್ಷಕ್ಕೆ ಮೃಗದ ಮೇಲೆ ಹಾರಿಸುವ ನಾಲ್ಕು ಈಡಿಗೆ ಎರಡೇ ಡಾಲರ್. ಅಂಗಡಿಯಲ್ಲಿ ತನ್ನ ಕೋವಿಗೆ ತಾಮ್ರದ್ದು ಸಿಗದಿದ್ದರೂ ಸ್ವತಃ ತುಂಬುವವನು ಅದನ್ನು ಆರಿಸಿಕೊಳ್ಳಬಲ್ಲ. ಆ ಕಸುಬಿನ ನಿಜವಾದ ಲಾಭ ನನ್ನ ದೃಷ್ಟಿಯಲ್ಲಿ ಇದು, 93 ಸೆಂಟಿನ ಉಳಿತಾಯವಲ್ಲ.

ನಮ್ಮಲ್ಲಿ 1972ರ ಕಾಯಿದೆಯಂತೆ ಬೇಟೆ ನಿಷಿದ್ಧ. ಬೆಳೆ ರಕ್ಷಣೆಯ ಪರವಾನಗಿಯ ಕೋವಿಗಳು ಮಲೆನಾಡಿನಲ್ಲಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದಿದೆ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇಟೆಯ ಹಕ್ಕಲ್ಲ. ತೋಟಾ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಸೆಕ್ಷನ್ನಿನಡಿ ಬೇರೆಯೇ ಪರವಾನಗಿ ಬೇಕು. ಮದ್ದು ಮಿಕ್ಕಿದರೆ ನಳಿಗೆ ಒಡೆಯುತ್ತದೆ ಎಂಬುದು ಬೇರೆ ಮಾತು. ಹುಡುಗನ ಲೆಕ್ಕವನ್ನು ಇಲ್ಲಿ ಯಾರೂ ಪ್ರಯೋಗಿಸಬಾರದು.

ಆದರೆ ಸೀಸದ ಸಂಗತಿ ನಮ್ಮ ಒಲೆಯವರೆಗೂ ಬರುತ್ತದೆ. ಹಳೆಯ ಬ್ಯಾಟರಿಯ ಸೀಸವನ್ನು ಅಡುಗೆಮನೆಯಲ್ಲೇ ಕರಗಿಸಿ ಕೇಪಿನ ಕೋವಿಗೆ ಗುಂಡು ಎರೆಯುವುದನ್ನು ನಾನು ಬಾಲ್ಯದಲ್ಲಿ ನಮ್ಮ ಮನೆಯಲ್ಲೇ ಕಂಡಿದ್ದೇನೆ; ಒಗ್ಗರಣೆಗೂ ಅದೇ ಸೌಟು. ಮಕ್ಕಳ ಮಿದುಳಿಗೆ ಸೀಸದ ಯಾವ ಪ್ರಮಾಣವೂ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಸೌಟು, ಬಾಣಲೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಊಟದ ಪಾತ್ರೆಗಳಿಂದ ಇಂದೇ ಬೇರ್ಪಡಿಸಿ. ತೊಳೆದು ಮತ್ತೆ ಬಳಸಬೇಡಿ.