ಹಂದಿಗೋಡು ಕಾಯಿಲೆ: ಕಾರಣ ಗೊತ್ತಾಯಿತು, ಆಮೇಲೆ?

ನಮ್ಮ ಕಡೆ ಮಂಡಿ ಹಿಡಿದುಕೊಂಡರೂ 'ವಾತ', ಸೊಂಟ ನೋವು ಬಂದರೂ 'ವಾತ'. ಆದರೆ ಎಲ್ಲ ಕೀಲುನೋವೂ ಒಂದೇ ಅಲ್ಲ. ವಯಸ್ಸಾದವರಿಗೆ ಕೀಲು ಸವೆದು ನೋವು ಬರುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುತ್ತದೆ. ಹಂದಿಗೋಡು ಕಾಯಿಲೆ ಇವೆರಡೂ ಅಲ್ಲ.

ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಇದು ವೈದ್ಯರ ಕಣ್ಣಿಗೆ ಬಿದ್ದದ್ದು 1970ರ ದಶಕದ ಮಧ್ಯದಲ್ಲಿ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲೂ ಕಂಡಿತು. ಸೊಂಟ, ಮಂಡಿ ನೋವು ಶುರುವಾಗಿ ನಡೆಯುವುದೇ ಕಷ್ಟವಾಗುತ್ತದೆ. ಕೆಲವರು ಎತ್ತರ ಬೆಳೆಯುವುದೇ ಇಲ್ಲ. ನರಳಿದವರಲ್ಲಿ ಹೆಚ್ಚಿನವರು ಚನ್ನಂಗಿ, ಛಲವಾದಿ ಸಮುದಾಯದವರು, ಗದ್ದೆ ಕೂಲಿಯನ್ನೇ ನಂಬಿದ ಬಡವರು.

ಮೊದಲು ಅನುಮಾನ ಹೋದದ್ದು ಏಡಿಯ ಮೇಲೆ. ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿಂದು ಹೀಗಾಯಿತು ಎಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ, 1977ರಲ್ಲಿ ವರದಿ ಬರೆದರು. ಒಂದೇ ಮನೆತನದಲ್ಲಿ ಹಲವರಿಗೆ ಬರುವುದನ್ನು ಅವರೂ ಗಮನಿಸಿದ್ದರು. 1990ರ ದಶಕದಲ್ಲಿ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ತಂಡ ಎಕ್ಸ್‌ರೇ ತೆಗೆದು, ವಂಶಾವಳಿ ಹಿಡಿದು ಹುಡುಕಿತು. ಮೂಳೆ ಬೆಳೆಯುವ ಹಂತದಲ್ಲೇ ದೋಷ ಇರುತ್ತದೆ, ಅದು ವಂಶದಲ್ಲಿ ಇಳಿದು ಬರುತ್ತದೆ ಎಂದು ಹೇಳಿತು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಇದು ಅಂಟುರೋಗ ಅಲ್ಲ. ಒಂದೇ ಬಾವಿ ನೀರು ಕುಡಿದರೆ, ಒಟ್ಟಿಗೆ ಕೂತು ಉಂಡರೆ ಬರುವುದಿಲ್ಲ. ಯಾರ ಪಾಪದ ಫಲವೂ ಅಲ್ಲ. ಇಷ್ಟು ಗೊತ್ತಾದದ್ದೇ ದೊಡ್ಡದು.

ಆದರೆ ನಮ್ಮ ತಕರಾರು ಇಲ್ಲಿದೆ. ಕಾರಣ ತಿಳಿದರೆ ನೋವು ಹೋಗುವುದಿಲ್ಲ. ಇದನ್ನು ಬೇರು ಸಮೇತ ಗುಣ ಮಾಡುವ ಔಷಧಿ ಇಲ್ಲ. ವ್ಯಾಯಾಮ, ನೋವಿನ ಮಾತ್ರೆ, ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇವೇ ಆಸರೆ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಕೋಲು ಊರಿ ನಡೆಯುವವರು ಬಸ್ ಹತ್ತಿ ಇಳಿಯುವುದು ಹೇಗೆ? ಆಸ್ಪತ್ರೆಯೇ ಊರಿಗೆ ಬರಬೇಕು. ಆ ಮನೆಗಳ ಮಕ್ಕಳನ್ನು ಶಾಲೆಯಲ್ಲೇ ವರ್ಷಕ್ಕೊಮ್ಮೆ ಮೂಳೆ ವೈದ್ಯರು ನೋಡಬೇಕು.

ಇನ್ನೊಂದು ಮಾತು. ಸಂಶೋಧನೆಗೆ ರಕ್ತ ಕೊಟ್ಟವರು, ಎಕ್ಸ್‌ರೇಗೆ ನಿಂತವರು ನಮ್ಮ ಜನ. ಏನು ಸಿಕ್ಕಿತು ಎಂಬುದನ್ನು ಅವರ ಮನೆ ಜಗುಲಿಯಲ್ಲಿ ಕೂತು, ಕನ್ನಡದಲ್ಲಿ ಹೇಳುವುದು ಸಂಶೋಧಕರ ಕೆಲಸ. ಮದುವೆ, ಮಕ್ಕಳ ವಿಚಾರದಲ್ಲಿ ತೀರ್ಮಾನ ಆ ಕುಟುಂಬದವರದ್ದೇ. ಆದರೆ ತಿಳಿದು ತೀರ್ಮಾನಿಸುವ ಹಕ್ಕು ಅವರಿಗಿದೆ.

ನಿಮ್ಮೂರಲ್ಲಿ ಹೀಗೆ ನರಳುವವರಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಚಲನಾ ದೋಷವೂ ಇದೆ, ಕುಬ್ಜತೆಯೂ ಇದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಜೊತೆಗೆ ಹೋಗಿ. ಅರ್ಜಿ ತುಂಬಲು ಬರುವ ಹುಡುಗರು ಈಗ ಪ್ರತಿ ಊರಲ್ಲೂ ಇದ್ದಾರೆ.